ಮುಡಿ ಕೊಟ್ಟ ಹುಡುಗಿ

ನಂದಾಳ ಬೋಳು ತಲೆಗೆ ಊರಿನಲ್ಲಿ ಸಿಕ್ಕ ಮರ್ಯಾದೆ ಅವಳ ಎರಡು ಜಡೆಗಳಿಗೆ ಎಂದೂ ಸಿಕ್ಕಿರಲಿಲ್ಲ. ಓಣಿಯ ಹೆಂಗಸರು ಅವಳು ಎದುರಾದರೆ ಚಪ್ಪಲಿ ಬಿಟ್ಟು ನಿಂತು, ಸ್ಕಾರ್ಫಿನ ಮೇಲಿಂದಲೇ ಅವಳ ತಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಯಾಕೆಂದರೆ ಅವಳ ಅಜ್ಜಿ ಗುರವ್ವ ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು ಹೇಳಿಕೊಂಡು ಬಂದಿದ್ದಳು. "ಹುಡುಗಿಗೆ ರಕ್ತ ಕಡಿಮಿ ಆಗಿತ್ತು. ಎಲ್ಲಮ್ಮಗ ಬೇಡ್ಕೊಂಡಿದ್ವಿ. ಆರಾಮಾತು. ಗುಡ್ಡಕ್ಕ ಹೋಗಿ ಮುಡಿ ಕೊಟ್ಟು ಬಂದೀವಿ."

ಎಲ್ಲಮ್ಮನ ಗುಡ್ಡಕ್ಕೆ ಯಾರೂ ಹೋಗಿರಲಿಲ್ಲ. ನಂದಾಳಿಗೆ ಆಗಿದ್ದು ರಕ್ತದ ಕ್ಯಾನ್ಸರ್. ಕೂದಲು ಉದುರಿದ್ದು ಹುಬ್ಬಳ್ಳಿಯ ದವಾಖಾನೆಯ ಹಾಸಿಗೆಯ ಮೇಲೆ, ಔಷಧದ ಕಾವಿಗೆ. ನಾಲ್ಕನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಹೋದ ಹುಡುಗಿ ಐದನೇ ಇಯತ್ತೆಗೆ ಬಂದು ಕೂತಿದ್ದಳು. ದೊಡ್ಡ ಗಂಡಾಂತರ ದಾಟಿತು, ಇನ್ನು ಮನೆಯಲ್ಲಿಯೇ ಗುಳಿಗೆ ನುಂಗಿಸಿ, ಶಾಲೆಗೆ ಕಳಿಸಿ, ಆದರೆ ಬೇರೆಯವರ ಜಡ್ಡು ಹತ್ತದಂತೆ ಶಾಲೆಯವರಿಗೆ ಹೇಳಿ ಕಳಿಸಿ ಎಂದು ಡಾಕ್ಟರು ತಾಕೀತು ಮಾಡಿದ್ದರು. ಮೊದಲಿನದಷ್ಟನ್ನೇ ಗುರವ್ವ ಕೇಳಿಸಿಕೊಂಡಿದ್ದಳು.

ಅವರ ಊರು ಅಣ್ಣಿಗೇರಿಯಿಂದ ಸ್ವಲ್ಪ ಒಳಗೆ. ಗುರವ್ವನ ಮಗ ಸುಭಾಸ ಅಣ್ಣಿಗೇರಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ, ದಿನಾ ಬೈಕಿನ ಮೇಲೆ ಹೋಗಿಬರುತ್ತಿದ್ದ. ಸೊಸೆ ಮಹಾನಂದಾ ಪಡಸಾಲೆಯಲ್ಲಿ ಮಶೀನು ಇಟ್ಟುಕೊಂಡು ಊರಿನ ಕುಪ್ಪಸಗಳನ್ನೆಲ್ಲ ಹೊಲಿಯುತ್ತಿದ್ದಳು. ಸುಭಾಸನ ತಂಗಿ ಕಸ್ತೂರಿಗೆ ನವಲಗುಂದದ ಒಂದು ಮನೆತನದ ಜೊತೆ ಮದುವೆಯ ಮಾತು ಮುಗಿದಿತ್ತು. ಅಕ್ಕಿಕಾಳು ಬೀಳುವುದೊಂದೇ ಬಾಕಿ. ಸುಳ್ಳು ಹುಟ್ಟಿದ್ದು ಈ ಅಕ್ಕಿಕಾಳಿನ ಸಲುವಾಗಿಯೇ.

ನಂದಾ ಶಾಲೆಗೆ ಹೊರಟ ಮೊದಲನೆಯ ವಾರವೇ ಒಲೆಯ ಮುಂದೆ ಜಗಳ ಹೊತ್ತಿತು.

"ಅತ್ಯಾರ, ನಾಳೆ ಸಾಲಿಗೆ ಹೋಗಿ ನಸ್ರೀನ್ ಅಕ್ಕೋರಿಗೆ ಹೇಳಿ ಬರ್ತೇನ್ರಿ," ಎಂದಳು ಮಹಾನಂದಾ.

"ಏನಂತ?"

"ಖರೇ ಇದ್ದದ್ದು."

ಗುರವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಕಸ್ತೂರಿ ಅಕ್ಕಿಕಾಳು ಬೀಳಲಿ. ಆಮ್ಯಾಲ ಡಂಗುರಾ ಸಾರ್ಕೊಂತ ಹೋಗು."

"ಅಲ್ಲೀತನಾ ಹುಡುಗಿಗೆ ಏನರ ಹೆಚ್ಚುಕಡಿಮಿ ಆದ್ರ?"

"ಬಿಡ್ತು ಅನ್ನು! ಆ ಜಡ್ಡಿನ ಹೆಸರು ಬೀಗರ ಕಿವಿಗೆ ಬಿದ್ರ, ಇವರ ಮನಿತನದಾಗ ಐತಿ ಅಂತಾರ. ಆವಾಗ ಕಸ್ತೂರಿನ್ನ ಯಾರ ಮನಿಗೆ ಕೊಡ್ತಿ ಹೇಳು. ನಿನಗ ನಿನ್ನ ಮಗಳಾತು. ನನಗೂ ಒಬ್ಬಾಕಿ ಮಗಳದಾಳ."

"ನನ್ನ ಹೆಸರು ಯಾಕ ತಗೀತಿ ಅವ್ವ," ಎಂದಳು ಕಸ್ತೂರಿ.

"ನೀ ಸುಮ್ಮನ ಕುಂದ್ರು."

ಇಬ್ಬರೂ ಸುಭಾಸನ ಕಡೆ ನೋಡಿದರು. ಅವನು ತಾಟಿನಿಂದ ತಲೆ ಎತ್ತಿ, "ಅವ್ವ ಹೇಳೂದೂ ಬರೋಬರಿ ಐತಿ, ಇಕಿ ಹೇಳೂದೂ ಬರೋಬರಿ ಐತಿ," ಎಂದು ತೀರ್ಪು ಕೊಟ್ಟು, ಇನ್ನಷ್ಟು ಶೇಂಗಾ ಚಟ್ನಿ ಕೇಳಿದ. ಅಡತಿ ಅಂಗಡಿಯಲ್ಲಿ ಕೊಳ್ಳುವವನನ್ನೂ ಮಾರುವವನನ್ನೂ ಸಮಾಧಾನ ಮಾಡಿ ಮಾಡಿ ಅವನಿಗೆ ಅದೇ ಚಾಳಿಯಾಗಿತ್ತು.

ನಂದಾ ಇದನ್ನೆಲ್ಲ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ಅವಳ ಕಂಪಾಸ್ ಬಾಕ್ಸಿನಲ್ಲಿ, ಅಳತೆಪಟ್ಟಿಯ ಕೆಳಗೆ, ಎರಡು ಕೆಂಪು ರಿಬ್ಬನ್ನುಗಳು ಮಡಿಚಿಕೊಂಡು ಮಲಗಿದ್ದವು. ಕೂದಲು ಬಂದ ಕೂಡಲೇ ಬೇಕಾಗುತ್ತವೆ ಎಂದು ಅವಳು ದವಾಖಾನೆಗೂ ಅವನ್ನು ಒಯ್ದಿದ್ದಳು.

ಶಾಲೆಯಲ್ಲಿ ನಸ್ರೀನ್ ಟೀಚರು ಒಳ್ಳೆಯವರು. ರಕ್ತ ಕಡಿಮೆ ಎಂದು ಕೇಳಿ, ದಿನಾ ಗಜ್ಜರಿ, ಬೀಟ್‌ರೂಟು ತಿನ್ನಬೇಕೆಂದು ಹೇಳಿದರು. ಪ್ರೀತಿಯಿಂದ ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದರು. ಮುಡಿ ಕೊಟ್ಟ ಹುಡುಗಿಯ ಪಕ್ಕ ಕೂತರೆ ಪಾಸಾಗುತ್ತೇವೆಂದು ಹುಡುಗಿಯರು ಜಗಳಾಡಿ, ಮೂಗು ಸೋರುವವರು ಕೆಮ್ಮುವವರೆಲ್ಲ ಅವಳನ್ನು ಒತ್ತಿ ಕೂತರು. ಊರಿನ ಅಕ್ಕರೆಯೆಲ್ಲ ಹುಡುಗಿಯ ಮೈಮೇಲೇ ಬಂದು ಬೀಳುತ್ತಿತ್ತು. ಯಾರದು ಏನು ತಪ್ಪು? ಅವರಿಗೆ ಹೇಳಿದವರೇ ಇರಲಿಲ್ಲ.

ಅದೇ ಹೊತ್ತಿಗೆ ಹಿಂದಿನ ಓಣಿಯ ದುಂಡವ್ವನ ಮೊಮ್ಮಗನಿಗೆ ಅಮ್ಮ ಬಂದಳು. ಮೈತುಂಬ ನೀರ್ಗುಳ್ಳೆ ಎದ್ದರೆ ಆ ಊರಿನಲ್ಲಿ ಅದಕ್ಕೆ ಜಡ್ಡು ಅನ್ನುವುದಿಲ್ಲ. ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸುತ್ತಾರೆ. ಅಮ್ಮ ಹೋಗುವ ತನಕ ಮನೆಯಲ್ಲಿ ಒಗ್ಗರಣೆ ಚುರ್ ಅನ್ನುವುದಿಲ್ಲ. ಹುಡುಗ ಶಾಲೆಗೆ ಯಾಕೆ ಬಂದಿಲ್ಲ ಎಂದರೆ "ಮನ್ಯಾಗ ಅಮ್ಮ ಬಂದಾಳ್ರಿ" ಎನ್ನುತ್ತಾರೆ, ಟೀಚರು ಮುಂದೆ ಕೇಳುವುದಿಲ್ಲ. ಬೇರೆ ಮಕ್ಕಳ ಮನೆಗೆ ಸುದ್ದಿ ಮುಟ್ಟಿಸುವ ಪದ್ಧತಿಯೂ ಇಲ್ಲ. ಬಂದವಳು ದೇವರು ಅಂದಮೇಲೆ ಯಾರಿಗೆ ಎಚ್ಚರಿಕೆ ಹೇಳುವುದು?

ಮೊಮ್ಮಗನಿಗೆ ವಾಸಿಯಾಗಿ ಬೇವಿನ ನೀರು ಹಾಕಿದ ದಿನ ದುಂಡವ್ವ ಮೊಸರನ್ನದ ಎಡೆ ಮಾಡಿ, ಐದು ಮಂದಿ ಹುಡುಗಿಯರನ್ನು ಉಣ್ಣಲು ಕರೆದಳು. ನಂದಾಳನ್ನು ಕರೆಯಲು ತಾನೇ ಬಂದಳು.

"ಗುರವ್ವ, ಮೊದಲನೇ ಎಲಿ ನಿನ್ನ ಮೊಮ್ಮಗಳದು. ಮುಡಿ ಕೊಟ್ಟ ಕೂಸು. ಆಕಿ ಉಂಡ್ರ ಅಮ್ಮ ಉಂಡಂಗ."

ಮಹಾನಂದಾ ಗುಳಿಗೆ ತರಲು ಹುಬ್ಬಳ್ಳಿಗೆ ಹೋಗಿದ್ದಳು. "ವೈನಿ ಬರಲಿ ತಡಿ ಅವ್ವ," ಎಂದು ಕಸ್ತೂರಿ ಸಣ್ಣಗೆ ಅಂದಳು. ಗುರವ್ವನಿಗೂ ಡಾಕ್ಟರ ಮಾತು ನೆನಪಿಗೆ ಬಾರದೆ ಇರಲಿಲ್ಲ. ಆದರೆ ಹುಡುಗ ವಾಸಿಯಾಗಿದ್ದಾನೆ, ನೀರು ಹಾಕಿದ್ದಾರೆ. ಮೇಲಾಗಿ, ಮುಡಿ ಕೊಟ್ಟವರು ಅಮ್ಮನ ಎಡೆ ಒಲ್ಲೆ ಅಂದರೆ ದುಂಡವ್ವ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂಬುದಕ್ಕೆ ಗುರವ್ವನ ಹತ್ತಿರ ಇನ್ನೊಂದು ಸುಳ್ಳು ತಯಾರಿರಲಿಲ್ಲ. ಅವಳು ನಂದಾಳ ಸ್ಕಾರ್ಫ್ ಸರಿಮಾಡಿ ಕಳಿಸಿಕೊಟ್ಟಳು.

ನಂದಾ ಮೊದಲನೆಯ ಎಲೆಗೆ ಕೂತು ಉಂಡಳು. ದುಂಡವ್ವನ ಸಣ್ಣ ಮೊಮ್ಮಗಳು, ಇನ್ನೂ ಅಂಗನವಾಡಿಯ ಕೂಸು, ಅವಳ ತೊಡೆಗೆ ಒರಗಿಕೊಂಡು ಅದೇ ಎಲೆಯಿಂದ ತುತ್ತು ತಿಂದಿತು. ಕೂಸಿನ ಮೈ ಬಿಸಿ ಇತ್ತು. ಬಿಸಿಲಿನಲ್ಲಿ ಆಡಿ ಬಂದಿದೆ ಎಂದುಕೊಂಡರು.

ಮರುದಿನ ಬೆಳಿಗ್ಗೆ ದುಂಡವ್ವ ಹಿಗ್ಗಿನಿಂದ ಬಂದು ಬಾಗಿಲಲ್ಲಿ ನಿಂತಳು. "ಕೇಳಿದ್ರೇನಬೇ? ಅಮ್ಮ ಈಗ ಸಣ್ಣಾಕಿ ಮೈಮ್ಯಾಲ ಬಂದಾಳ. ನಿನ್ನೆ ನಿಮ್ಮ ನಂದಾನ ಎಲಿಯಾಗ ಉಂಡಿತ್ತ ನೋಡ್ರಿ ಕೂಸು. ಎಂಥಾ ಪುಣ್ಯಾ!"

ಮಹಾನಂದಾಳಿಗೆ ನಿನ್ನೆಯ ಊಟದ ಸುದ್ದಿಯನ್ನೇ ಯಾರೂ ಹೇಳಿರಲಿಲ್ಲ. ಅವಳು ಚಹದ ಪಾತ್ರೆಯನ್ನು ಇಳಿಸಿಟ್ಟು ಅತ್ತೆಯ ಮುಖ ನೋಡಿದಳು. ಗುರವ್ವ ನೆಲ ನೋಡಿದಳು. ಮಹಾನಂದಾ ಹಿತ್ತಲಿಗೆ ಹೋಗಿ ದವಾಖಾನೆಗೆ ಫೋನು ಹಚ್ಚಿದಳು.

"ಇವತ್ತೇ ಕರ್ಕೊಂಡು ಬರ್ರಿ," ಎಂದರು ಡಾಕ್ಟರು. "ಬ್ಯಾರೆ ಹುಡುಗರಿಗೆ ಅದು ವಾರದ ಮಾತು. ಇಂಥಾ ಮಕ್ಕಳಿಗೆ ಎದಿಗೆ ಇಳೀತಂದ್ರ ಜೀವಕ್ಕ ಬರ್ತೈತಿ. ಸಾಲಿಯವ್ರಿಗೆ ಹೇಳಿದ್ರಿಲ್ಲೋ?"

ಮಹಾನಂದಾ ಫೋನು ಇಟ್ಟು, ಮಗಳ ದವಾಖಾನೆಯ ಚೀಟಿಗಳನ್ನು ಚೀಲಕ್ಕೆ ತುಂಬಿದಳು.

ಸುಭಾಸ ಅಂಗಡಿಗೆ ರಜೆ ಹೇಳಿ, ಮಗಳನ್ನೂ ಹೆಂಡತಿಯನ್ನೂ ಬೈಕಿನ ಮೇಲೆ ಕೂರಿಸಿಕೊಂಡು ಅಣ್ಣಿಗೇರಿಗೆ, ಅಲ್ಲಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದ. ಇಂಜೆಕ್ಷನ್ ಆಯಿತು. ಒಂದು ತಿಂಗಳು ಶಾಲೆ ಬೇಡ, ದಿನಾ ಮೈ ನೋಡಿ, ಒಂದು ಗುಳ್ಳೆ ಕಂಡರೂ ಓಡಿ ಬನ್ನಿ ಎಂದು ಹೇಳಿ ಕಳಿಸಿದರು.

ಮಹಾನಂದಾ ಚೀರಾಡುವ ಹೆಣ್ಣಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಮಗಳನ್ನು ಮಲಗಿಸಿ, ಆಮೇಲೆ ಅಡಿಗೆಮನೆಗೆ ಬಂದಳು.

"ನೀವು ಕಳಿಸಿದ್ರಿ," ಎಂದಳು.

"ನಾ ಏನ ಕೊಲ್ಲಾಕ ಕಳಿಸಿದ್ನೇನ? ಅಮ್ಮನ ಎಡಿ ಅಂತ ಕಳಿಸಿದೆ."

"ಅಮ್ಮನ ಭಯಕ್ಕ ಕಳಿಸಿದ್ರೋ, ಬೀಗರ ಭಯಕ್ಕ ಕಳಿಸಿದ್ರೋ?"

"ಬಾಯಿ ಹಿಡಿದು ಮಾತಾಡು. ಆಕಿನ್ನ ಎಂಟು ತಿಂಗಳು ತೊಡಿಮ್ಯಾಲ ಇಟ್ಕೊಂಡು ಗಂಜಿ ಕುಡಿಸಿದಾಕಿ ನಾನು. ನನಗ ಕರಳು ಇಲ್ಲೇನು?"

"ಐತ್ರಿ. ಅದಕ್ಕ ನನಗ ಇನ್ನೂ ಸಿಟ್ಟು," ಎಂದು ಮಹಾನಂದಾ ಅಳತೊಡಗಿದಳು. ಗುರವ್ವನೂ ಸೆರಗು ಮುಖಕ್ಕೆ ಹಚ್ಚಿದಳು. ಸುಭಾಸ ಈ ಸಲ ಯಾರದು ಬರೋಬರಿ ಎಂದು ಹೇಳಲಿಲ್ಲ.

ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಕಸ್ತೂರಿ ಎಲ್ಲವನ್ನೂ ಕೇಳಿಸಿಕೊಂಡಳು. ಮರುದಿನ ಯಾರಿಗೂ ಹೇಳದೆ ಶಾಲೆಗೆ ಹೋದಳು. ನಸ್ರೀನ್ ಟೀಚರು ಎಲ್ಲವನ್ನೂ ಕೇಳಿದರು. "ಯವ್ವಾ, ನಾನ ಆಕಿನ್ನ ಕೆಮ್ಮೋ ಹುಡುಗರ ನಡುವ ಕುಂದರಿಸಿದ್ನೆಲ್ಲ!" ಎಂದರು. ಆಮೇಲೆ, "ತಾಯಂದಿರನ್ನ ಕರೀಲೇನ್ರಿ? ಅವ್ರಿಗೆ ಗೊತ್ತಾಗದ ಇದು ಆಗೂ ಮಾತಲ್ಲ," ಎಂದು ಕೇಳಿದರು.

"ಕರೀರಿ ಅಕ್ಕೋರ. ಹೇಳಾಕಿ ನಾನ."

"ನಿಮ್ಮ ಮದಿವಿ ಮಾತು ನಡದೈತಿ ಅಂತ ಕೇಳಿದ್ದೆ."

"ನಡದೈತ್ರಿ," ಎಂದಳು ಕಸ್ತೂರಿ. "ಅದರ ಸಲುವಾಗಿನ ಮುಚ್ಚಿಟ್ಟಿದ್ದು. ಅದಕ್ಕ ನಾನ ಬಿಚ್ಚಬೇಕು."

ಶನಿವಾರ ಶಾಲೆ ಬಿಟ್ಟ ಮೇಲೆ ತಾಯಂದಿರು ಬಂದು ಮಕ್ಕಳ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕೂತರು. ಕಸ್ತೂರಿ ಕರಿಹಲಗೆಯ ಮುಂದೆ ನಿಂತು, ಜಡ್ಡಿನ ಹೆಸರನ್ನು ಹೇಳಿದಳು. ಮುಡಿ ಕೊಟ್ಟಿಲ್ಲವೆಂಬುದನ್ನೂ ಹೇಳಿದಳು. ಆಮೇಲೆ ಒಬ್ಬಳು ಎದ್ದಳು.

"ಸಿಟ್ಟಾಗಬ್ಯಾಡವ್ವ. ನನ್ನ ಮಗಳು ಆಕಿ ಬಾಜೂಕ ಕುಂದ್ರತಾಳ. ಅದು ಹತ್ತೂದಿಲ್ಲ ಹೌದಿಲ್ಲೋ?"

"ಆಕಿ ಜಡ್ಡು ಯಾರಿಗೂ ಹತ್ತೂದಿಲ್ರಿ. ನಮ್ಮ ಕೆಮ್ಮು, ನಮ್ಮ ಗುಳ್ಳಿ ಆಕಿಗೆ ಹತ್ತತಾವು. ಗುಳಿಗಿ ತೊಗೊಂಡು ತೊಗೊಂಡು ಮೈಯಾಗ ತಡಕೊಳ್ಳೋ ಶಕ್ತಿ ಉಳದಿಲ್ಲ. ಯಾರ ಮನಿಗೆ ಅಮ್ಮ ಬಂದ್ರೂ ನಮಗ ಮೊದಲ ಹೇಳ್ರಿ. ಇಷ್ಟ ಕೇಳಾಕ ಬಂದೇನಿ."

ಹಿಂದಿನ ಬೆಂಚಿನಲ್ಲಿ ಸೊಸೆಯ ಬದಲಿಗೆ ಬಂದು ಕೂತಿದ್ದ ದುಂಡವ್ವ ಎದ್ದವಳೇ ಸೀದಾ ಗುರವ್ವನ ಮನೆಗೆ ನಡೆದಳು. ಗುರವ್ವ ಕಟ್ಟೆಯ ಮೇಲೆ ಕಡಲೆಬೇಳೆ ಹಸನು ಮಾಡುತ್ತಿದ್ದಳು.

"ಏ ಗುರವ್ವ! ನಾವಿಬ್ರೂ ಒಂದ ವರ್ಷ ಈ ಊರಿಗೆ ಸೊಸೆಯಂದ್ರಾಗಿ ಬಂದ್ವಿ. ನನಗೂ ಹೇಳಬಾರದಾಗಿತ್ತೇನಬೇ? ನನ್ನ ಕೈಲೆ ಆ ಕೂಸಿಗೆ ಏನು ಉಣಿಸಿದಿ ನೀನು?"

"ಮೆಲ್ಲಕ ಮಾತಾಡು. ಮಂದಿ ಕೇಳ್ತಾರ."

"ಇನ್ನ ಕೇಳೂ ಮಂದಿ ಎಲ್ಲದಾರ? ನಿನ್ನ ಮಗಳು ಸಾಲ್ಯಾಗ ನಿಂತು ಎಲ್ಲಾರಿಗೂ ಹೇಳಿದ್ಲು!"

ಗುರವ್ವನ ಮೊರ ಓರೆಯಾಗಿ ಬೇಳೆಯೆಲ್ಲ ಕಟ್ಟೆಯ ತುಂಬ ಚೆಲ್ಲಿತು. ದುಂಡವ್ವ ಇನ್ನೂ ನಾಲ್ಕು ಮಾತು ಬೈದಳು. ಬೈಯುತ್ತಲೇ ಕೂತು ಬೇಳೆ ಆರಿಸಿ ಮೊರಕ್ಕೆ ಹಾಕಿಕೊಟ್ಟಳು. ಎದ್ದು ಹೋಗುವಾಗ, "ಇನ್ನ ಈ ಊರಾಗ ಯಾರ ಮನಿಗೆ ಅಮ್ಮ ಬಂದ್ರೂ ಮೊದಲನೇ ಟೊಂಗಿ ಸಾಲಿ ಗೇಟಿಗೆ. ಆಮ್ಯಾಲ ಬಾಗಲಿಗೆ. ನಾನ ಹೇಳ್ತೇನಿ ಎಲ್ಲಾರಿಗೂ. ನೀ ಗೇಟ್ ನೋಡಿ ಹುಡುಗಿನ್ನ ಕಳಸು," ಎಂದಳು.

ಸುದ್ದಿ ನವಲಗುಂದಕ್ಕೆ ಬಸ್ಸಿಗಿಂತ ಮೊದಲು ಮುಟ್ಟಿತು. ಭಾನುವಾರ ಬೀಗರ ಮನೆಯ ಹಿರಿಯ ಶಂಭುಲಿಂಗಪ್ಪ ಫೋನು ಮಾಡಿ, ನಂದಾಳ ಆರೋಗ್ಯ ವಿಚಾರಿಸಿ, ದೇವರಿದ್ದಾನೆಂದು ಹೇಳಿ, ಕೊನೆಗೆ "ಮದಿವಿ ವಿಚಾರ ಮುಂದ ನೋಡೂಣು" ಎಂದರು. ನಮ್ಮ ಕಡೆ ಹಿರಿಯರು ನೋಡೂಣು ಅಂದರೆ ಆ ಕಡೆ ಮತ್ತೆ ನೋಡುವುದಿಲ್ಲ ಎಂದೇ ಅರ್ಥ. ಗುರವ್ವ ಎರಡು ಹೊತ್ತು ಊಟ ಬಿಟ್ಟಳು. ಕಸ್ತೂರಿ ಮಾತ್ರ ಎಂದಿನಂತೆ ಕಸ ಹೊಡೆದಳು, ರೊಟ್ಟಿ ಮಾಡಿದಳು. ಹಿತ್ತಲಿನಲ್ಲಿ ಒಬ್ಬಳೇ ಅತ್ತದ್ದನ್ನು ಮಹಾನಂದಾ ನೋಡಿದಳು. ಅವಳ ಕೈಯಿಂದ ಕೊಡ ಇಸಿದುಕೊಂಡು ತಾನೇ ನೀರು ತುಂಬಿದಳು.

ಆ ತಿಂಗಳು ಸಾಗುವುದೇ ಕಷ್ಟವಾಯಿತು. ದಿನಾ ಬೆಳಿಗ್ಗೆ ಮಹಾನಂದಾ ಮಗಳನ್ನು ಬಚ್ಚಲಿಗೆ ಕರೆದೊಯ್ದು ಬೆನ್ನು, ಹೊಟ್ಟೆ, ಕಿವಿಯ ಹಿಂದೆ ನೋಡುತ್ತಿದ್ದಳು. ಅವಳು ಹೊರಗೆ ಬಂದು "ಏನಿಲ್ಲ" ಅನ್ನುವ ತನಕ ಮನೆಯಲ್ಲಿ ಯಾರೂ ಚಹಾ ಕುಡಿಯುತ್ತಿರಲಿಲ್ಲ. ಗುರವ್ವ ಯಾರನ್ನೂ ಕೇಳದೆ ಒಗ್ಗರಣೆ ನಿಲ್ಲಿಸಿಬಿಟ್ಟಳು. ಬಾರದೆ ಇರುವ ಅಮ್ಮನಿಗೆ, ಬರಬೇಡ ತಾಯಿ ಎಂದು ಅವಳದೊಂದು ಕಾಣಿಕೆ. ಸುಭಾಸ ಸಪ್ಪನೆಯ ಸಾರನ್ನು ತುಟಿ ಬಿಚ್ಚದೆ ಉಂಡ.

ಒಂದು ಬೆಳಿಗ್ಗೆ ಮಹಾನಂದಾ ಬಚ್ಚಲಿನಿಂದ ಬೇಗ ಹೊರಗೆ ಬರಲಿಲ್ಲ. ಹೊಟ್ಟೆಯ ಮೇಲೆ ಕೆಂಪಗೆ ಒಂದು ಬೊಕ್ಕೆ. ಎಲ್ಲರೂ ಬಂದು ಬಗ್ಗಿ ನೋಡಿದರು. ಸುಭಾಸ ಬೈಕಿನ ಕೀಲಿ ಹುಡುಕತೊಡಗಿದ. "ತುರಸ್ತೈತಿ. ರಾತ್ರಿ ಗುಂಯ್ ಅಂತಿತ್ತು," ಎಂದಳು ನಂದಾ. ಕಸ್ತೂರಿ ಟಾರ್ಚ್ ಹಿಡಿದು ನೋಡಿ ನಕ್ಕೇಬಿಟ್ಟಳು. "ಗುಂಗಾಡು ಕಡದೈತಿ!" ಸುಭಾಸ ಅಂದೇ ಅಣ್ಣಿಗೇರಿಯಿಂದ ಸೊಳ್ಳೆಪರದೆ ತಂದ.

ಸಂಜೆ ಸುಭಾಸನ ಫೋನಿಗೆ ನಸ್ರೀನ್ ಟೀಚರ ಧ್ವನಿಯಲ್ಲಿ ಅಂದಿನ ಪಾಠ ಬರುತ್ತಿತ್ತು. ಹಿಂದಿನಿಂದ ಇಡೀ ವರ್ಗ "ನಂದಾ, ಲಗೂನ ಬಾ" ಎಂದು ಕೂಗುತ್ತಿತ್ತು. ನಂದಾ ಪಾಠವನ್ನು ಒಮ್ಮೆ, ಕೂಗನ್ನು ಹತ್ತು ಸಲ ಹಚ್ಚಿ ಕೇಳುತ್ತಿದ್ದಳು.

ತಿಂಗಳು ಮುಗಿಯಿತು. ಗುಳ್ಳೆ ಏಳಲಿಲ್ಲ. ಗುರವ್ವ ಸಾಸಿವೆ, ಬಳ್ಳೊಳ್ಳಿ ಹಾಕಿ ಕೊಟ್ಟ ಒಗ್ಗರಣೆಯ ಸಪ್ಪಳಕ್ಕೆ ನೆರೆಮನೆಯವರು ಬಂದು "ಹುಡುಗಿ ಸಾಲಿಗೆ ಹೊಂಟ್ಲೇನ್ರಿ?" ಎಂದು ಕೇಳಿದರು.

ಶಾಲೆಯಲ್ಲಿ ನಂದಾಳ ಜಾಗ ಕಿಟಕಿಯ ಹತ್ತಿರಕ್ಕೆ ಬದಲಾಗಿತ್ತು. ನಳದ ಬಳಿ ನಸ್ರೀನ್ ಟೀಚರು ಸಾಬೂನು ಇಟ್ಟಿದ್ದರು. ಕೆಮ್ಮು ಬಂದವರು ತಾವಾಗಿಯೇ ಎದ್ದು ಕೊನೆಯ ಬೆಂಚಿಗೆ ಹೋಗುತ್ತಿದ್ದರು. ಕೆಲವರು ಪಾಠ ತಪ್ಪಿಸಿಕೊಳ್ಳಲು ಸುಮ್ಮನೆ ಕೆಮ್ಮಿದರು ಎಂಬುದೂ ಖರೆ. ಮೈ ಬಿಸಿಯಾದರೆ ಟೀಚರು ತಕ್ಷಣ ಮಹಾನಂದಾಳಿಗೆ ಫೋನು ಮಾಡಬೇಕೆಂದು ಮಾತಾಗಿತ್ತು. ಇನ್ನು ಗೇಟು ನೋಡುವ ಕೆಲಸ ಗುರವ್ವನದು. ಎದ್ದು ಮುಖ ತೊಳೆದವಳೇ ಶಾಲೆಯ ತನಕ ಹೋಗಿ ನೋಡಿ ಬರುತ್ತಿದ್ದಳು. ಅವಳು "ಗೇಟ್ ಖಾಲಿ ಐತಿ" ಅಂದ ಮೇಲೆಯೇ ನಂದಾಳಿಗೆ ನಾಷ್ಟಾ. ಒಂದೆರಡು ಸಲ ಟೊಂಗೆ ಕಂಡಿತು. ಯಾರ ಮನೆ ಎಂದು ಯಾರೂ ಕೇಳಲಿಲ್ಲ. ಡಾಕ್ಟರು ಬೇಡವೆಂದಷ್ಟು ದಿನ ನಂದಾ ಮನೆಯಲ್ಲುಳಿದಳು.

ಅವಳ ತಲೆಯ ಮೇಲೆ ಬೆರಳಿಗೆ ಸಿಗುವಷ್ಟು ಕೂದಲು ಬಂದಿತ್ತು. ರಿಬ್ಬನ್ನಿಗೆ ಇನ್ನೂ ಸಾಲದು.

ಆ ಸೋಮವಾರವೂ ಗುರವ್ವ ಗೇಟಿಗೆ ಹೋದಳು. ಟೊಂಗೆ ಇತ್ತು. ಹತ್ತಿರ ಹೋಗಿ ನೋಡಿದಳು. ಸಾಮಾನ್ಯವಾಗಿ ದಾರದಿಂದಲೋ ಚಿಂದಿಯಿಂದಲೋ ಕಟ್ಟುತ್ತಾರೆ. ಇದನ್ನು ಕೆಂಪು ರಿಬ್ಬನ್ನಿನಿಂದ, ಜಡೆಗೆ ಹಾಕುವ ಹೂವಿನ ಗಂಟು ಹಾಕಿ ಕಟ್ಟಿದ್ದರು. ಗುರವ್ವ ಗಂಟನ್ನು ಬಿಚ್ಚಿ, ರಿಬ್ಬನ್ನನ್ನೂ ಟೊಂಗೆಯನ್ನೂ ಹಿಡಿದುಕೊಂಡೇ ಮನೆಗೆ ಬಂದಳು.

ನಂದಾ ಸೊಳ್ಳೆಪರದೆಯ ಒಳಗೆ ಮುಸುಕು ಹಾಕಿಕೊಂಡಿದ್ದಳು. "ಆಯಿ, ಗೇಟಿಗೆ ಟೊಂಗಿ ಐತೇನು?"

"ಐತಿ."

"ಅಯ್ಯ ಶಿವನ. ಹಂಗಾರ ಇವತ್ತ ಸಾಲಿ ಇಲ್ಲ. ಇವತ್ತ ಗಣಿತ ಪರೀಕ್ಷಾನೂ ಇತ್ತು."

ಗುರವ್ವ ಕಂಪಾಸ್ ಬಾಕ್ಸ್ ತೆಗೆದಳು. ಪಟ್ಟಿಯ ಕೆಳಗೆ ಒಂದೇ ರಿಬ್ಬನ್ನಿತ್ತು. ಅವಳು ಪರದೆ ಎತ್ತಿ ಮೊಮ್ಮಗಳ ಕಿವಿ ಹಿಡಿದಳು.

"ಏಳ್ಲೇ ಮ್ಯಾಲಕ್ಕ! ನಸಿಕಲೆ ಹಾಲು ತರ್ತೇನಿ ಅಂತ ಹೋದಾಕಿ ಇದನ್ನ ಮಾಡಿ ಬಂದೇನ? ನಾಳೆ ಖರೇನ ಟೊಂಗಿ ಕಟ್ಟಿದ್ರ ಯಾರು ನಂಬ್ತಾರ? ಅಮ್ಮನ ಹೆಸರ್ಲೆ ಸುಳ್ಳು ಹೇಳ್ತಿ? ಇಷ್ಟುದ್ದ ಇದ್ದಿ, ಎಷ್ಟು ಸೊಕ್ಕು!"

ಮಶೀನು ನಿಂತಿತು. ಮಹಾನಂದಾ ಓಡಿಬಂದಳು, ಅವಳ ಹಿಂದೆ ಕಸ್ತೂರಿ. ಜಡ್ಡು ಬಂದಾಗಿನಿಂದ ಆ ಮನೆಯಲ್ಲಿ ನಂದಾಳಿಗೆ ಯಾರೂ ಒಂದು ಬಿರುಸು ಮಾತು ಆಡಿರಲಿಲ್ಲ. ಹುಡುಗಿ ಮೊದಲು ಕಣ್ಣು ಬಿಟ್ಟು ನೋಡಿದಳು. ಆಮೇಲೆ ಅವಳಿಗೂ ಸಿಟ್ಟು ಬಂತು.

"ನೀ ಹೇಳಿದ್ದಿಲ್ಲೇನು?" ಎಂದು ಕೂಗಿದಳು. "ಅಮ್ಮಗ ಮುಡಿ ಕೊಟ್ಟೇವಿ ಅಂತ ಊರಮಂದಿಗೆಲ್ಲಾ ನೀ ಹೇಳಿದ್ದಿಲ್ಲೇನು?"

ಗುರವ್ವನ ಕೈ ಕಿವಿಯಿಂದ ಜಾರಿತು. ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂದರೂ ಯಾರೂ ಹೋಗಲಿಲ್ಲ. ಗುರವ್ವ ಹಾಸಿಗೆಯ ಅಂಚಿಗೆ ಕೂತು, ಒಮ್ಮೆ ಕಸ್ತೂರಿಯ ಕಡೆ ನೋಡಿದಳು.

"ಹೇಳಿದ್ದೆ," ಎಂದಳು. "ತಪ್ಪಾತು. ಏನೇನ ಆತು ನೀನೂ ನೋಡಿದೆಲ್ಲ. ನನ್ನ ಚಾಳಿ ನೀ ಕಲೀಬ್ಯಾಡ ನನ್ನವ್ವ." ಕಂಪಾಸ್ ಬಾಕ್ಸನ್ನು ಅವಳ ಕೈಗಿಟ್ಟು, "ಗಣಿತದಾಗ ಏನು ಬರೂದಿಲ್ಲ ನಿನಗ?" ಎಂದು ಕೇಳಿದಳು.

"ಹದಿಮೂರರ ಮಗ್ಗಿ," ಎಂದು ನಂದಾ ಮೂಗು ಒರೆಸಿಕೊಂಡಳು.

"ನನಗೂ ಬರೂದಿಲ್ಲ. ಏಳು, ಮುಖಾ ತೊಳಕೊ."

ಸೀದ ರೊಟ್ಟಿಯನ್ನೇ ಚಟ್ನಿ ಹಚ್ಚಿ ತಿಂದು, ಅಜ್ಜಿ ಮೊಮ್ಮಗಳು ಕೈಹಿಡಿದುಕೊಂಡು ಶಾಲೆಗೆ ಹೋದರು. ನಸ್ರೀನ್ ಟೀಚರು ಗೇಟಿಗೆ ಬಂದರು. ನಡೆದದ್ದನ್ನೆಲ್ಲ ಕೇಳಿ, "ಹೋಗ್ಲಿ ಬಿಡ್ರಿ, ಆರಾಮಿಲ್ಲದ ಹುಡುಗಿ," ಎಂದರು.

"ಹಂಗ ಅನಬ್ಯಾಡ್ರಿ ಅಕ್ಕೋರ," ಎಂದಳು ಗುರವ್ವ. "ಮೈ ಬಿಸಿ ಆದ್ರ ಫೋನ್ ಮಾಡ್ರಿ. ಮಗ್ಗಿ ಬರಲಿಲ್ಲಂದ್ರ ಎಲ್ಲಾ ಹುಡುಗರ ಗತೆ ನಿಂದರಸ್ರಿ."

ಮಗ್ಗಿ ಬಾರದವರು ಇನ್ನೂ ಇಬ್ಬರು ಇದ್ದರು. ಮೂವರೂ ವರ್ಗದ ಹೊರಗೆ ಗೋಡೆಗೆ ಬೆನ್ನು ಹಚ್ಚಿ ನಿಂತರು. ನಂದಾ ಕಿಟಕಿಯ ಕಡೆ, ಉಳಿದಿಬ್ಬರು ಕೈಯಳತೆ ದೂರ. ಹದಿಮೂರು ಒಂದಲಿ ಹದಿಮೂರು ಎಂದು ಮೂವರೂ ಒದರತೊಡಗಿದರು. ಮೂರಲಿಗೆ ಬಂದು ತಪ್ಪಿ, ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು.

ಗುರವ್ವ ಗೇಟಿನ ಹೊರಗೆ ನಿಂತು ನೋಡುತ್ತಿದ್ದಳು. ಶಾಲೆಯಲ್ಲಿ ಶಿಕ್ಷೆಗೆ ನಿಂತ ಮೊಮ್ಮಗಳನ್ನು ನೋಡಿ ಅಷ್ಟು ಸಂತೋಷಪಟ್ಟ ಅಜ್ಜಿ ಆ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ. ಅವಳು ರಿಬ್ಬನ್ನನ್ನು ಮಡಿಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಗ್ಗಿ ಪೂರ್ತಿಯಾಗುವ ತನಕ ಅಲ್ಲಿಯೇ ನಿಂತಳು.